ಬಾಗಿಲು ಮುಚ್ಚಿದ ಗೋರಿಗೆ ಬೆಳಕಿಂಡಿ ಏಕೆ?

ನಮಸ್ಕಾರ. ಸತ್ತವರನ್ನು ಒಳಗಿರಿಸಿ ಬಾಗಿಲಿಗೆ ಬಂಡೆ ಮುಚ್ಚುವ ಗೋರಿಗೆ ಬೆಳಕಿಂಡಿ ಏಕೆ ಬೇಕಿತ್ತು? ಐರ್ಲೆಂಡಿನ ನ್ಯೂಗ್ರೇಂಜ್ ದಿಬ್ಬದ ಬಗ್ಗೆ ಓದಿದಂದಿನಿಂದ ಈ ಪ್ರಶ್ನೆ ನನ್ನ ಬೆನ್ನು ಬಿಟ್ಟಿಲ್ಲ.

ಹಿನ್ನೆಲೆಯನ್ನು ಚುಟುಕಾಗಿ ಹೇಳಿಬಿಡುತ್ತೇನೆ. ಮೀತ್ ಕೌಂಟಿಯ ಬಾಯ್ನ್ ನದಿ ಕಣಿವೆಯಲ್ಲಿರುವ ಈ ದಿಬ್ಬವನ್ನು ಕ್ರಿ.ಪೂ. 3200ರ ಸುಮಾರಿಗೆ, ಅಂದರೆ ಗೀಜಾದ ಮಹಾ ಪಿರಮಿಡ್ಡಿಗಿಂತ ಶತಮಾನಗಳ ಮೊದಲೇ, ಲೋಹದ ಬಳಕೆಯನ್ನೇ ಅರಿಯದ ಬೇಸಾಯಗಾರರು ಕಟ್ಟಿದರು. ಸುಮಾರು 85 ಮೀಟರ್ ಅಗಲ, ಸುತ್ತಲೂ 97 ಅಂಚುಗಲ್ಲುಗಳು, ಒಳಗೆ 19 ಮೀಟರ್ ಉದ್ದದ ಇಕ್ಕಟ್ಟಾದ ಓಣಿ, ಅದರ ಕೊನೆಗೆ ಕಲ್ಲಿನ ಕೋಣೆ.

ಈಗ ಬಾಗಿಲ ನೆತ್ತಿಯನ್ನು ನೋಡಿ. 1962ರಲ್ಲಿ ಇಲ್ಲಿ ಉತ್ಖನನ ಆರಂಭಿಸಿದ ಪುರಾತತ್ತ್ವಜ್ಞ ಮೈಕೆಲ್ ಓಕೆಲ್ಲಿ ಅವರಿಗೆ ಅಲ್ಲೊಂದು ಕಲ್ಲಿನ ಕಿಂಡಿ ಕಂಡಿತು. ವರ್ಷಕ್ಕೊಮ್ಮೆ ಒಳಕೋಣೆಗೆ ಬಿಸಿಲು ಬರುತ್ತದೆಂಬ ಮಾತು ಸುತ್ತಲಿನವರ ಬಾಯಲ್ಲಿತ್ತು. ಬಾಗಿಲು ಆಗ್ನೇಯಕ್ಕೆ ಮುಖಮಾಡಿರುವುದರಿಂದ ಅದು ಚಳಿಗಾಲದ ಸೂರ್ಯನೇ ಇರಬೇಕೆಂದು ತರ್ಕಿಸಿದ ಅವರು, 1967ರ ಡಿಸೆಂಬರ್ 21ರ ಮುಂಜಾನೆ, ವರ್ಷದ ಅತಿ ಚಿಕ್ಕ ಹಗಲಿನಂದು, ಆ ಕತ್ತಲಲ್ಲಿ ಕಾದು ನಿಂತರು. ಸೂರ್ಯ ಮೂಡಿದ ಕೆಲವೇ ನಿಮಿಷಗಳಲ್ಲಿ ಕಿಂಡಿಯಿಂದ ತೆಳುವಾದ ಬೆಳಕಿನ ಎಳೆಯೊಂದು ನೆಲದ ಮೇಲೆ ಹರಿದು ಬಂದು, ಅಗಲವಾಗಿ, ಕೋಣೆಯನ್ನು ಬೆಳಗಿತು. ಈ ಬೆಳಕು ಇರುವುದು ಸುಮಾರು 17 ನಿಮಿಷ ಮಾತ್ರ.

ಬಾಗಿಲಿನಿಂದಲೇ ಬೆಳಕು ಬರಬಹುದಿತ್ತಲ್ಲ ಎನ್ನುತ್ತೀರಾ? ಬರುವುದಿಲ್ಲ. ಓಣಿಯ ನೆಲ ಒಳಹೋದಂತೆ ಸುಮಾರು ಎರಡು ಮೀಟರ್ ಏರುತ್ತದೆ. ಬಾಗಿಲಿನ ಬಿಸಿಲು ಅರ್ಧದಾರಿಯಲ್ಲೇ ನಿಲ್ಲುತ್ತದೆ. ಕೋಣೆಯ ನೆಲಕ್ಕೂ ಕಿಂಡಿಗೂ ಮಟ್ಟ ಒಂದೇ. ಇದು ಆಕಸ್ಮಿಕವಾಗಿ ಕೂಡಿಬಂದ ಲೆಕ್ಕವಲ್ಲ.

ನನ್ನ ಮನಸ್ಸು ಸೆಳೆದದ್ದು ಇನ್ನೂ ಚಿಕ್ಕ ಸಂಗತಿ. ಆ ಕಿಂಡಿಗೆ ಬೆಣಚುಕಲ್ಲಿನ ತುಂಡುಗಳ ಮುಚ್ಚಳವಿತ್ತು, ಅದರ ಕೆಳಗಿನ ಕಲ್ಲಿನ ಮೇಲೆ ಗೀರುಗಳಿದ್ದವು. ಯಾರೋ ಆ ತುಂಡನ್ನು ಮತ್ತೆ ಮತ್ತೆ ಎಳೆದಿದ್ದಾರೆ, ತಳ್ಳಿದ್ದಾರೆ. ಬಾಗಿಲು ಮನುಷ್ಯರದು, ಕಿಂಡಿ ಸೂರ್ಯನದು. ಬಾಗಿಲು ಮುಚ್ಚಿದ ಮೇಲೂ ಕಿಂಡಿ ತೆರೆಯಲು ಜನ ಬರುತ್ತಿದ್ದರು ಎಂದೇ ನಾನು ನಂಬುತ್ತೇನೆ.

ಸಮಯ ಮುಗಿಯುತ್ತ ಬಂದಿದೆ, ಉಳಿದದ್ದನ್ನು ಒಟ್ಟಿಗೆ ಹೇಳುತ್ತೇನೆ. ಗಾರೆಯಿಲ್ಲದೆ ಕಲ್ಲಿನ ಮೇಲೆ ಕಲ್ಲು ಚಾಚಿ ಕಟ್ಟಿದ, ಆರು ಮೀಟರ್ ಎತ್ತರದ ಚಾವಣಿ ಐದು ಸಾವಿರ ವರ್ಷಗಳ ಮಳೆಯಲ್ಲೂ ಸೋರಿಲ್ಲ; ಸಂದುಗಳಿಗೆ ತುಂಬಿದ ಸುಟ್ಟ ಮಣ್ಣೇ ಅದರ ಕಾಲವನ್ನೂ ತಿಳಿಸಿತು. ಇಲ್ಲಿ ಸಿಕ್ಕ ಒಬ್ಬನ ತಂದೆತಾಯಿ ಅತ್ಯಂತ ಹತ್ತಿರದ ರಕ್ತಸಂಬಂಧಿಗಳೆಂದು 2020ರ ಡಿಎನ್‌ಎ ಅಧ್ಯಯನ ತೋರಿಸಿತು; ಅಂಥ ಕೂಡಿಕೆ ಹೆಚ್ಚಾಗಿ ಅರಸು ಮನೆತನಗಳಲ್ಲಿ ಕಾಣುವುದರಿಂದ ಇದು ರಾಜವಂಶದ ಊಹೆಗೆ ಎಡೆಮಾಡಿದೆ. ಇಂದು ಆ ಮುಂಜಾನೆ ಒಳಗೆ ನಿಲ್ಲುವವರನ್ನು ಲಾಟರಿ ಎತ್ತಿ ಆರಿಸುತ್ತಾರೆ. ಮೋಡ ಕವಿದರೆ ಅವರಿಗೂ ಕತ್ತಲೆಯೇ.