ಕಡುಬಿನ ಹಬೆ, ಟರ್ಬೈನಿನ ಹಬೆ

ಕೇಳುಗರಿಗೆ ನಮಸ್ಕಾರ.

ಅಷ್ಟಮಿಯ ದಿನ ಕೊಟ್ಟೆ ಕಡುಬಿನ ಪಾತ್ರೆಯ ಮುಚ್ಚಳ ತೆಗೆಯುವಾಗ ಕೈ ಸುಟ್ಟುಕೊಂಡವರಿಗೆ ಒಂದು ಸಂಗತಿ ಗೊತ್ತು. ಕುದಿನೀರು ಸಿಡಿದ ಉರಿಗಿಂತ ಹಬೆ ತಾಗಿದ ಉರಿ ಜೋರು. ಎರಡೂ 100 ಡಿಗ್ರಿಯವೇ. ಆದರೆ ಒಂದು ಗ್ರಾಂ ಕುದಿನೀರು ನಮ್ಮ ಮೈಯ ಬಿಸಿಗೆ ಇಳಿಯುವಷ್ಟರಲ್ಲಿ ಬಿಟ್ಟುಕೊಡುವ ಶಾಖ ಸುಮಾರು 260 ಜೂಲ್. ಒಂದು ಗ್ರಾಂ ಹಬೆಯಾದರೋ, ಚರ್ಮದ ಮೇಲೆ ನೀರಾಗುವಾಗಲೇ 2,257 ಜೂಲ್ ಸುರಿಯುತ್ತದೆ. ಇದಕ್ಕೆ ಗುಪ್ತೋಷ್ಣವೆಂದು ಹೆಸರು. ಕಡುಬು ಬೇಯುವುದು ಇದರಿಂದ. ಉಷ್ಣ ವಿದ್ಯುತ್ ಸ್ಥಾವರದ ಲೆಕ್ಕ ಕೆಡುವುದೂ ಇದರಿಂದಲೇ.

ಒಮ್ಮೆ ಉಡುಪಿಯಿಂದ ಮಂಗಳೂರಿಗೆ ಬಸ್ಸಿನಲ್ಲಿ ಬರುತ್ತಿದ್ದೆ. ಪಡುಬಿದ್ರಿ ಹತ್ತಿರವಾಗುತ್ತಿದ್ದಂತೆ ಪಕ್ಕದ ಸೀಟಿನ ಹಿರಿಯರು ಎಲ್ಲೂರಿನ ಕಡೆಗೆ ಕೈ ತೋರಿಸಿದರು. ಅಲ್ಲಿಯ ಉಷ್ಣ ವಿದ್ಯುತ್ ಸ್ಥಾವರದಲ್ಲಿ 600 ಮೆಗಾವಾಟಿನ ಎರಡು ಘಟಕಗಳಿವೆ. ಕಲ್ಲಿದ್ದಲು ಹಡಗಿನಲ್ಲಿ ಬರುತ್ತದೆ. "ಅಷ್ಟು ಕಲ್ಲಿದ್ದಲು ಸುಟ್ಟರೂ ಅರ್ಧದಷ್ಟು ಸಹ ಕರೆಂಟ್ ಆಗುವುದಿಲ್ಲವಂತೆ, ಹೌದೇ ಮಾರಾಯರೇ? ಯಂತ್ರ ಸರಿ ಇಲ್ಲವೋ, ನಡೆಸುವವರು ಸರಿ ಇಲ್ಲವೋ?" ಎಂದು ಕೇಳಿದರು.

ಎರಡೂ ಅಲ್ಲ. ಈ ಪ್ರಶ್ನೆಗೆ 1824ರಲ್ಲೇ ಫ್ರಾನ್ಸಿನ ಸಾದಿ ಕಾರ್ನೊ ಉತ್ತರ ಕೊಟ್ಟಿದ್ದ. ಆಗ ಅವನಿಗೆ 28 ವರ್ಷ. ಶಾಖದಿಂದ ಎಷ್ಟು ಕೆಲಸ ಹಿಂಡಬಹುದೆಂಬುದಕ್ಕೆ ಒಂದು ಮೇಲ್ಮಿತಿ ಇದೆ. ಅದನ್ನು ತೀರ್ಮಾನಿಸುವುದು ಎರಡೇ ಉಷ್ಣತೆ, ಶಾಖ ಒಳಬರುವ ಕಡೆಯದು ಮತ್ತು ಹೊರಹೋಗುವ ಕಡೆಯದು. ದೊಡ್ಡ ಸ್ಥಾವರಗಳಲ್ಲಿ ಹಬೆಯನ್ನು ಸುಮಾರು 540 ಡಿಗ್ರಿಗೆ ಕಾಯಿಸುತ್ತಾರೆ, 40 ಡಿಗ್ರಿಯ ಆಸುಪಾಸಿನಲ್ಲಿ ತಣಿಸುತ್ತಾರೆ. ಎರಡಕ್ಕೂ 273 ಕೂಡಿಸಿ (ನನ್ನ ವಿದ್ಯಾರ್ಥಿಗಳು ಪರೀಕ್ಷೆಯಲ್ಲಿ ತಪ್ಪದೆ ಮರೆಯುತ್ತಿದ್ದದ್ದು ಇದನ್ನೇ) ಅವುಗಳ ವ್ಯತ್ಯಾಸವನ್ನು ದೊಡ್ಡದರಿಂದ ಭಾಗಿಸಿದರೆ ಬರುವುದು ನೂರಕ್ಕೆ ಸುಮಾರು 61. ದೇವರೇ ಬಂದು ಯಂತ್ರ ಕಟ್ಟಿದರೂ ಇದಕ್ಕಿಂತ ಹೆಚ್ಚಿಲ್ಲ.

ಹಾಗಿದ್ದರೆ ನಿಜವಾದ ಸ್ಥಾವರದಲ್ಲಿ ನೂರಕ್ಕೆ 35ರಿಂದ 40ರವರೆಗೆ ಮಾತ್ರ ಏಕೆ ಸಿಗುತ್ತದೆ? ನೀರನ್ನು ಹಬೆ ಮಾಡುವ ಬಾಯ್ಲರಿಗೆ ಬರುವ ನೀರು ಒಮ್ಮೆಗೇ 540 ಡಿಗ್ರಿಯಲ್ಲಿ ಶಾಖ ಪಡೆಯುವುದಿಲ್ಲ. ಮೊದಲು ಕಾಯಬೇಕು, ಆಮೇಲೆ ಕುದಿಯಬೇಕು. ವಾಯುಮಂಡಲದ 170 ಪಟ್ಟು ಒತ್ತಡದಲ್ಲಿ ಅದು ಕುದಿಯುವುದು 350 ಡಿಗ್ರಿಗೆ. ಎಂದರೆ ಶಾಖದ ಬಹುಪಾಲು ಒಳಹೋಗುವುದು 540ಕ್ಕಿಂತ ಎಷ್ಟೋ ಕೆಳಗಿನ ಉಷ್ಣತೆಯಲ್ಲಿ. ಎಂಜಿನಿಯರುಗಳ ಉಪಾಯಗಳೆಲ್ಲ ಈ ಸರಾಸರಿಯನ್ನು ಮೇಲೆತ್ತುವುದಕ್ಕೇ. ಹಬೆಯ ರಭಸಕ್ಕೆ ತಿರುಗಿ ಕರೆಂಟು ಹುಟ್ಟಿಸುವ ಚಕ್ರವೇ ಟರ್ಬೈನು; ಅದರ ನಡುವಿನಿಂದ ಒಂದಿಷ್ಟು ಹಬೆ ಕದ್ದು ಬಾಯ್ಲರಿಗೆ ಹೋಗುವ ನೀರನ್ನು ಮೊದಲೇ ಬಿಸಿ ಮಾಡುತ್ತಾರೆ. ಅರ್ಧ ದಣಿದ ಹಬೆಯನ್ನು ಮತ್ತೆ ಕುಲುಮೆಗೆ ಕಳುಹಿಸಿ ಕಾಯಿಸಿ ತರುತ್ತಾರೆ. ಇಲ್ಲವಾದರೆ ಕೊನೆಯ ಅಲಗುಗಳ ಬಳಿ ಅದು ಹನಿಹನಿಯಾಗಿ, ಆ ಹನಿಗಳು ಉಕ್ಕನ್ನೇ ಕೊರೆಯುತ್ತವೆ. ನಮ್ಮ ನೆರೆಯ ಕೈಗಾದ ಅಣುಸ್ಥಾವರದಲ್ಲಿ ಹಬೆ ಸುಮಾರು 250 ಡಿಗ್ರಿಯದ್ದು ಮಾತ್ರ, ಆದ್ದರಿಂದ ಅಲ್ಲಿಯ ದಕ್ಷತೆ ನೂರಕ್ಕೆ 30ರ ಆಸುಪಾಸು.

ಹಿರಿಯರು ಬಿಡಲಿಲ್ಲ. "ಟರ್ಬೈನಿನಿಂದ ಬಂದ ಹಬೆಯನ್ನು ತಣಿಸುವುದೇಕೆ? ಹಾಗೆಯೇ ಬಾಯ್ಲರಿಗೆ ನೂಕಬಾರದೇ?"

ತರಗತಿಯಲ್ಲೂ ಯಾರಾದರೊಬ್ಬರು ಇದನ್ನು ಕೇಳಿದ ದಿನ ನನಗೆ ಖುಷಿಯಾಗುತ್ತಿತ್ತು. 40 ಡಿಗ್ರಿಯಲ್ಲಿ ಒಂದು ಕಿಲೋ ನೀರಿಗೆ ಒಂದು ಲೀಟರ್ ಜಾಗ ಸಾಕು. ಅದೇ ಒಂದು ಕಿಲೋ ಹಬೆಗೆ 19,500 ಲೀಟರ್ ಬೇಕು, ಒಂದು ಸಣ್ಣ ಕೋಣೆಯ ಅರ್ಧದಷ್ಟು. ನೀರನ್ನು 170 ಪಟ್ಟು ಒತ್ತಡಕ್ಕೆ ಏರಿಸಲು ಪಂಪಿಗೆ 17 ಕಿಲೋಜೂಲಿನ ಆಸುಪಾಸು ಸಾಕು. ಟರ್ಬೈನ್ ಕೊಡುವುದು ಸಾವಿರಕ್ಕೂ ಹೆಚ್ಚು. ಕೋಣೆ ತುಂಬಿದ ಹಬೆಯನ್ನು ಹಬೆಯಾಗಿಯೇ ಒತ್ತಲು ಹೊರಟರೆ ಟರ್ಬೈನಿನ ಗಳಿಕೆಯೆಲ್ಲ ಅದಕ್ಕೇ ಸಂದಾಯ. ಹಾಗಾಗಿ ಹಬೆಯನ್ನು ತಣಿಸುವ ಕಂಡೆನ್ಸರಿನಲ್ಲಿ ನೀರು ಮಾಡಲೇಬೇಕು, ಕಿಲೋ ಒಂದಕ್ಕೆ ಎರಡು ಸಾವಿರಕ್ಕೂ ಮಿಕ್ಕಿದ ಕಿಲೋಜೂಲ್ ಗುಪ್ತೋಷ್ಣವನ್ನು ಹೊರಗೆ ಚೆಲ್ಲಲೇಬೇಕು.

ಇಲ್ಲಿ ನಮ್ಮ ಕರಾವಳಿಗೆ ಒಂದು ತೊಡಕು. ಕಂಡೆನ್ಸರ್ ತಣ್ಣಗಿದ್ದಷ್ಟೂ ಲಾಭ, ಆದರೆ ನಮ್ಮ ಕಡಲೇ ಉಗುರುಬೆಚ್ಚಗೆ. ಉತ್ತರದ ಚಳಿದೇಶಗಳ ಸ್ಥಾವರಗಳಿಗೆ ಇರುವ ಭಾಗ್ಯ ನಮಗಿಲ್ಲ. ಕಂಡೆನ್ಸರಿನಿಂದ ಬಿಸಿಯಾಗಿ ಬರುವ ನೀರನ್ನು ತಣಿಸುವ ತಂಪುಗೋಪುರ ಕೆಲಸ ಮಾಡುವುದು ನಮ್ಮ ಬೆವರಿನ ಹಾಗೆಯೇ, ನೀರು ಆವಿಯಾಗಿ ತಂಪು. ಮೇ ತಿಂಗಳ ಸೆಖೆಯಲ್ಲಿ ಅಂಗಿ ಬೆನ್ನಿಗೆ ಅಂಟಿಕೊಂಡು ಬೆವರು ಆರದ ದಿನ, ಗೋಪುರದ ಪಾಡೂ ಅದೇ.

ಮೂಲ್ಕಿ ದಾಟಿದ ಮೇಲೆ ಅವರ ಕೊನೆಯ ಪ್ರಶ್ನೆ ಬಂತು. ಚೆಲ್ಲುವ ಆ ಬಿಸಿಯಲ್ಲಿ ಭತ್ತವನ್ನಾದರೂ ಬೇಯಿಸಬಹುದಿತ್ತಲ್ಲ? ಆಗುವುದಿಲ್ಲ ಎಂದೆ. ಬಿಸಿ ಬೇಕಾದಷ್ಟಿದೆ, ಆದರೆ ಎಲ್ಲ 40 ಡಿಗ್ರಿಯದು. ಬಚ್ಚಲಿನ ಹಂಡೆಯ ನೀರು ಅದಕ್ಕಿಂತ ಬಿಸಿ. ಭತ್ತ ಬೇಯಬೇಕಾದರೆ 100 ಡಿಗ್ರಿ ದಾಟಿದ ಹಬೆಯನ್ನು ನಡುವೆಯೇ ಹೊರತೆಗೆಯಬೇಕು, ಅಷ್ಟು ಕರೆಂಟು ಕೈಬಿಡಬೇಕು. ನಮ್ಮ ಕುಚ್ಚಲಕ್ಕಿ ಗಿರಣಿಗಳಲ್ಲಿ ಹೊಟ್ಟು ಸುಟ್ಟು ಹಬೆ ಮಾಡಿ ನೇರವಾಗಿ ಭತ್ತದ ರಾಶಿಗೆ ಬಿಡುತ್ತಾರೆ. ಅಲ್ಲಿ ಹಬೆ ನೀರಾಗುವುದು ಭತ್ತದ ಮೈಮೇಲೆ, ಗುಪ್ತೋಷ್ಣ ಇಳಿಯುವುದು ಕಾಳಿನ ಒಳಗೆ.

"ಹಾಗಾದರೆ ಗಿರಣಿಯವನೇ ಜಾಣ" ಎಂದು ಅವರು ಸುರತ್ಕಲ್ಲಿನಲ್ಲಿ ಇಳಿದರು. ಗಿರಣಿಯವನೂ ಕರೆಂಟಿನ ಬಿಲ್ಲು ಕಟ್ಟುತ್ತಾನೆ ಎಂದು ಹೇಳುವಷ್ಟರಲ್ಲಿ ಬಸ್ಸು ಹೊರಟಿತ್ತು.

ನಮಸ್ಕಾರ.