ಈ ಕ್ಲಿಪ್ ನನ್ ಹತ್ರ ಇಲ್ಲ

ನಮಸ್ಕಾರ ಎಲ್ರಿಗೂ. ವಾಯ್ಸ್ ಸ್ವಲ್ಪ ಮೆತ್ತಗಿದ್ರೆ ಬೇಜಾರು ಮಾಡ್ಕೋಬೇಡಿ, ಈಗ ರಾತ್ರಿ ಹತ್ತೂವರೆ, ಎಲ್ಲ ಮಲಗಿದಾರೆ, ನಾನು ಅಡಿಕೆ ಮೂಟೆ ಇಟ್ಟಿರೋ ರೂಮಲ್ಲಿ ಬಾಗ್ಲು ಹಾಕ್ಕೊಂಡು ಕೂತು ಮಾತಾಡ್ತಿದೀನಿ, ಸುತ್ತ ಮೂಟೆ ಇರೋದ್ರಿಂದ ಇಲ್ಲಿ ಎಕೋ ಹೊಡಿಯಲ್ಲ, ಇದೇ ನಮ್ ಸ್ಟುಡಿಯೋ ಅಂದ್ಕೊಳಿ.

ಮೊದಲನೇ ಕ್ಲಿಪ್ ಕತ್ತಲೆ ಕತ್ತಲೆ ಕಾಣ್ತಿದೆಯಲ್ಲ, ಅದು ಬೆಳಿಗ್ಗೆ ಐದು ಗಂಟೆ, ನಮ್ಮನೆ ಬಚ್ಚಲು ಒಲೆ. ನಮ್ ಹೊಸನಗರ ಕಡೆ ಡಿಸೆಂಬರ್ ಅಂದ್ರೆ ಇಬ್ಬನಿ ಹೆಂಚಿಂದ ಮಳೆ ಬಂದಂಗೇ ತೊಟ್ಟಿಕ್ತಿರುತ್ತೆ. ರಾತ್ರಿ ಮಲಗೋ ಮುಂಚೆ ಒಲೆಗೆ ಒಂದು ಕುಂಟೆ, ಅಂದ್ರೆ ದಪ್ಪ ಕಟ್ಟಿಗೆ ತುಂಡು, ತಳ್ಳಿ ಮೇಲೆ ಬೂದಿ ಮುಚ್ಚಿಟ್ರೆ ಬೆಳಿಗ್ಗೆ ಕೆದಕಿದಾಗ ಒಳಗೆ ಕೆಂಡ ಇರುತ್ತೆ, ಅದರ ಮೇಲೆ ಎರಡು ಹಿಡಿ ಒಣಗಿದ ಅಡಿಕೆ ಸಿಪ್ಪೆ ಹಾಕಿ ಊದಿದ್ರೆ ಆಯ್ತು, ಬೆಂಕಿಪೊಟ್ಣ ಬೇಡ. ಮದುವೆ ಆಗಿ ಬಂದ ಹೊಸದ್ರಲ್ಲಿ ನಂಗೆ ಇದು ಬರ್ತಾನೇ ಇರ್ಲಿಲ್ಲ, ಊದಿ ಊದಿ ಹೊಗೆ ಕುಡಿದು ಕಣ್ಣೆಲ್ಲ ಕೆಂಪು. ಅತ್ತೆ ಬಯ್ತಿರ್ಲಿಲ್ಲ, ಸುಮ್ನೆ ಬಂದು ಒಂದೇ ಸಲ ಊದಿ ಹೋಗ್ತಿದ್ರು, ಹೊತ್ಕೊಳ್ತಿತ್ತು. ಬಯ್ದಿದ್ರೇ ವಾಸಿ ಇತ್ತು, ಒಲೆಗಿಂತ ಜಾಸ್ತಿ ನನ್ ಹೊಟ್ಟೆ ಉರೀತಿತ್ತು.

ಇವತ್ತು ದೇವ್ರ ವಿಷ್ಯ ಮಾತಾಡಣ ಅಂತ. ದೇವಸ್ಥಾನ ತೋರ್ಸಲ್ಲ ಮತ್ತೆ, ಹುಂಚ ಇಲ್ಲೇ ಇದೆ, ಕೊಡಚಾದ್ರಿ ಇದೆ, ಸಿಗಂದೂರಿಗೆ ಈಗ ಲಾಂಚ್ ಕಾಯೋದೂ ಬೇಡ ಸೇತುವೆ ಆಗಿದೆ, ಅದೆಲ್ಲ ಇನ್ನೊಂದಿನ ಹೋಗಣ. ಇವತ್ತು ಮನೆ, ಕೊಟ್ಟಿಗೆ, ಅಂಗಳ ಇಷ್ಟೇ. ಯಾಕಂದ್ರೆ ಅಡಿಕೆ ಸೀಸನ್ನಲ್ಲಿ ನಮಗೆ ದೇವ್ರಿಗೆ ಅಂತ ಬೇರೆ ಟೈಮ್ ಎಲ್ಲಿಂದ ಬರ್ಬೇಕು ಹೇಳಿ. ಬೆಳಿಗ್ಗೆ ಎದ್ರೆ ಹಂಡೆ, ಹಾಲು, ಸಗಣಿ, ತಿಂಡಿ, ಮರದಿಂದ ಅಡಿಕೆ ಕೊನೆ ತೆಗಿಯೋರಿಗೆ ಕಾಫಿ, ಅಡಿಕೆ ಬೇಯ್ಸೋದು, ಹರಡೋದು, ಸಂಜೆ ಸುಲಿಯೋರು ಬಂದ್ರೆ ಅವ್ರಿಗೆ ಊಟ, ರಾತ್ರಿ ಹನ್ನೊಂದಕ್ಕೆ ಬೆನ್ನು ನೆಲಕ್ಕೆ ಹಾಕಿದ್ರೆ ಶಿವ ಅನ್ನೋಷ್ಟರಲ್ಲಿ ನಿದ್ದೆ. ಆ 'ಶಿವ' ಒಂದೇ ಇಡೀ ದಿನದ ಪೂಜೆ, ಅದೂ ಅರ್ಧ.

ಅತ್ತೆ ಹಂಗಲ್ಲ. ಅತ್ತೆ ಲಿಂಗಪೂಜೆಗೆ ಕೂತ್ರು ಅಂದ್ರೆ ಮನೆಗೆ ಯಾರು ಬಂದ್ರೂ ಏಳ್ತಿರ್ಲಿಲ್ಲ, ಹಾಲು ಉಕ್ಕಿದ್ರೂ ಏಳ್ತಿರ್ಲಿಲ್ಲ, ನಾನೇ ಓಡ್ಬೇಕಿತ್ತು. ಎರಡು ವರ್ಷದ ಹಿಂದೆ ಬಿದ್ದು ಸೊಂಟ ಮುರ್ಕೊಂಡ್ರು, ಈಗ ಮಂಚದ ಮೇಲೇ ಎಲ್ಲ, ಕೈ ಬೇರೆ ನಡುಗುತ್ತೆ. ಎಡಗೈ ಅಂಗೈ ಮೇಲೆ ಲಿಂಗ ಇಟ್ಕೊಂಡು ನೀರೆರಿಯೋಕೆ ಹೋದ್ರೆ ನೀರೆಲ್ಲ ಚಾದರದ ಮೇಲೆ. ಅದಕ್ಕೆ ದಿನಾ ಬೆಳಿಗ್ಗೆ ಅವ್ರ ಕೈ ಕೆಳಗೆ ನನ್ ಕೈ ಇಟ್ಟು ಹಿಡ್ಕೊಳ್ತೀನಿ, ಇಪ್ಪತ್ತು ನಿಮಿಷ. ಇದರ ಕ್ಲಿಪ್ ಹಾಕಿಲ್ಲ, ಅವ್ರು ಬೇಡ ಅಂದ್ರು. ಮೊದ್ಲೆಲ್ಲ ಆ ಇಪ್ಪತ್ತು ನಿಮಿಷ ನನ್ ತಲೇಲಿ ಓಡ್ತಿದ್ದಿದ್ದು ಎಂತ ಗೊತ್ತಾ, ಇಡ್ಲಿ ಬೆಂತಾ, ಕರು ಬಿಟ್ಟಿದಾರಾ, ಟೈಮ್ ಎಷ್ಟಾಯ್ತು. ಒಂದಿನ ನನ್ ಕೈ ನೋಡಿ ನಂಗೇ ನಾಚಿಕೆ ಆಯ್ತು, ಅಡಿಕೆ ಸುಲಿದು ಸುಲಿದು ಚೊಗರು ಹತ್ತಿ ಬೆರಳೆಲ್ಲ ಕಪ್ಪು, ಎಂತ ಹಾಕಿ ತಿಕ್ಕಿದ್ರೂ ಹೋಗಲ್ಲ ಅದು, ಅತ್ತೆ ಬೆಳ್ಳಗಿನ ಕೈ ಕೆಳಗೆ ಇದು ಬಾಣಲೆ ತಳ ಇದ್ದಂಗೆ ಕಾಣ್ತಿತ್ತು. ಬಟ್ಟೆ ಸುತ್ಕೊಂಡು ಹಿಡೀಲಾ ಅತ್ತೆ ಅಂದೆ. ಕಣ್ಣು ಬಿಡ್ದೇ ಅಂದ್ರು, "ನಿನ್ ಕೈ ಕೇಳಿದ್ದು ಹಿಡ್ಕೊಳಕೆ, ನೋಡಕ್ಕಲ್ಲ. ಅಲ್ಲಾಡಿಸ್ಬೇಡ ಮಾರಾಯ್ತಿ."

ಈಗ ಕೊಟ್ಟಿಗೆ. ಇದು ಮಲೆನಾಡು ಗಿಡ್ಡ ಹಸು, ಎರಡು ಲೀಟರ್ ಕೊಟ್ರೆ ದೊಡ್ಡದು, ಅದಕ್ಕೇ ಅವಳಿಗೆ ಅಷ್ಟು ಗತ್ತು. ಇದನ್ನ ಫಾಸ್ಟ್ ಫಾರ್ವರ್ಡ್ ಮಾಡಿದೀನಿ, ಸಗಣಿ ಬಾಚೋದು ಎಷ್ಟೊತ್ತು ಅಂತ ನೋಡ್ತೀರ.

ಆಮೇಲೆ ಅಂಗಳ ಗುಡಿಸೋದು. ಇಲ್ಲಿ ಸ್ವಲ್ಪ ನಿಂತ್ಕೊಳಣ, ಇದು ನಂಗೆ ಇಷ್ಟದ ಕೆಲ್ಸ. ನನ್ ತವರು ಶಿಕಾರಿಪುರ ಕಡೆ, ಅಲ್ಲಿ ಹಿರೇಜಂಬೂರು ಅಂತ ಊರಿದೆ, 12ನೇ ಶತಮಾನದ ಸತ್ಯಕ್ಕ ಅಲ್ಲಿಯವಳು. ನಮ್ ತಾಲ್ಲೂಕು ಅಂದ ತಕ್ಷಣ ಎಲ್ರೂ ಉಡುತಡಿ ಅಕ್ಕಮಹಾದೇವಿ ಅಂತಾರೆ, ಬಳ್ಳಿಗಾವಿ ಅಲ್ಲಮ ಅಂತಾರೆ, ಸತ್ಯಕ್ಕನ ಹೆಸ್ರು ಹೇಳೋರು ಕಮ್ಮಿ, ಅದು ನಂಗೊಂದು ಸಣ್ಣ ಸಿಟ್ಟು. ಅವಳ ಕಾಯಕ ಎಂತ ಅಂದ್ರೆ ಶಿವಭಕ್ತರ ಮನೆ ಅಂಗಳದ ಕಸ ಗುಡಿಸೋದು. ಅಷ್ಟೇ. ಕಸ ಗುಡಿಸಿಕೊಂಡೇ ವಚನ ಬರೆದಿದಾಳೆ, 27 ಸಿಕ್ಕಿದಾವೆ, ಎಲ್ಲದರ ಕೊನೇಲೂ ಅವಳೂರಿನ ದೇವ್ರು ಶಂಭುಜಕ್ಕೇಶ್ವರನ ಹೆಸ್ರು. ಅದ್ರಲ್ಲೊಂದ್ರಲ್ಲಿ ಹೇಳ್ತಾಳೆ, ದಾರೀಲಿ ಚಿನ್ನ ಬಿದ್ದಿರ್ಲಿ ಬಟ್ಟೆ ಬಿದ್ದಿರ್ಲಿ ನಾನು ಮುಟ್ಟಿ ಎತ್ತಿದ್ರೆ ನಿನ್ನಾಣೆ, ಯಾಕಂದ್ರೆ ನೀನು ಕೊಟ್ಟಿದ್ರಲ್ಲಿ ಇದೀನಿ ಅಂತ. ಇದನ್ನ ಪುಸ್ತಕದಲ್ಲಿ ಓದ್ದಾಗ ಸುಮ್ನೆ ನೀತಿ ಪಾಠ ಅನ್ನಿಸಿತ್ತು. ಹಿಡಿ ಪೊರಕೆ ಹಿಡ್ಕೊಂಡು ಬಗ್ಗಿ ಗುಡಿಸ್ವಾಗ ಹೊಳೀತು, ಕಸ ಗುಡಿಸೋಳ ಕಣ್ಣು ಇಡೀ ದಿನ ನೆಲದ ಮೇಲೇ ಇರುತ್ತೆ ಅಲ್ವಾ, ಬಿದ್ದಿದ್ದು ಮೊದ್ಲು ಕಾಣೋದೇ ಅವಳಿಗೆ, ಹಂಗಾಗಿ ಆ ಮಾತು ಅವಳಿಗೆ ಕೆಲ್ಸದಿಂದಾನೇ ಬಂದಿದ್ದು. ಜಗಲೀಲಿ ಕೂತೋರಿಗೆ ಅದು ಹುಟ್ತಾ ಇರ್ಲಿಲ್ಲ.

ಇನ್ನು 'ಕಾಯಕವೇ ಕೈಲಾಸ'. ಇದನ್ನ ನೋಡಿದ್ರೆ ಈಗ ನಗು ಬರುತ್ತೆ ನಂಗೆ, ಮದುವೆಗೆ ಮುಂಚೆ ಶಿವಮೊಗ್ಗದಲ್ಲಿ ಒಂದು ಕಡೆ ಕೆಲ್ಸಕ್ಕಿದ್ದೆ, ಗೋಡೆ ಮೇಲೆ ದೊಡ್ಡದಾಗಿ ಫ್ರೇಮ್ ಹಾಕ್ಸಿದ್ರು, ಸಂಬಳ ಮಾತ್ರ ತಿಂಗಳು ಇಪ್ಪತ್ತು ದಾಟಿದ್ರೂ ಬರ್ತಿರ್ಲಿಲ್ಲ. ಕೈಲಾಸ ಅವ್ರಿಗೆ, ಕಾಯಕ ನಮಗೆ. ಆ ಮಾತು ಬರೋದು ಆಯ್ದಕ್ಕಿ ಮಾರಯ್ಯನ ವಚನದಲ್ಲಿ, ಕೆಲ್ಸದಲ್ಲಿ ಮುಳುಗಿದಾಗ ಗುರು ಬಂದ್ರೂ ಮರೀಬೇಕು, ಲಿಂಗಪೂಜೆನೂ ಮರೀಬೇಕು, ಜಂಗಮ ಎದ್ರು ನಿಂತಿದ್ರೂ ಹಂಗು ಬಿಡ್ಬೇಕು ಅನ್ನೋ ಅರ್ಥ. ಆದ್ರೆ ಆ ಮಾರಯ್ಯನ ಕೆಲ್ಸ ಏನು, ಬಿದ್ದ ಅಕ್ಕಿ ಆಯೋದು. ಒಂದಿನ ದಿನಕ್ಕಿಂತ ಜಾಸ್ತಿ ಆಯ್ಕೊಂಡು ಬಂದ, ಹೆಂಡ್ತಿ ಲಕ್ಕಮ್ಮ ನೋಡಿ, ನಮಗೆ ಎಂತಕ್ಕೆ ಇಷ್ಟು ಅಕ್ಕಿ ಆಸೆ, ಹೋಗಿ ಅಲ್ಲೇ ಸುರಿದು ಬನ್ನಿ ಅಂತ ವಾಪಸ್ ಕಳ್ಸಿದ್ಲು. ಮಾರಯ್ಯನ ಮಾತು ಫ್ರೇಮ್ ಆಯ್ತು, ಲಕ್ಕಮ್ಮನ ಮಾತನ್ನ ಯಾವ ಆಫೀಸಲ್ಲೂ ಗೋಡೆಗೆ ಹಾಕಿದ್ದು ನಾನ್ ನೋಡಿಲ್ಲ.

ಈ ಮಾರಯ್ಯನ್ನ ಇಟ್ಕೊಂಡು ಅತ್ತೆ ಹತ್ರ ವಾದ ಮಾಡಕ್ಕೆ ಹೋಗಿದ್ದೆ ಒಂದ್ಸಲ, ನೋಡಿ ಅತ್ತೆ ಕೆಲ್ಸ ಇದ್ರೆ ಪೂಜೆ ಬಿಡ್ಬೋದಂತೆ ಅಂತ. "ಮಾರಯ್ಯ ಪೂಜೆ ಮಾಡಿ ಮಾಡಿ ಆಮೇಲೆ ಹೇಳಿದ್ದು, ನೀನು ಮಾಡೋ ಮುಂಚೆನೇ ಬಿಡ್ತೀಯ" ಅಂದ್ರು. ಸರಿ, ನಂಗೆ ಬೇಕಿತ್ತು ಅದು.

ಈ ಕ್ಲಿಪ್ ಹಳೇದು, ಮಳೆಗಾಲದ್ದು, ಇವ್ರು ನಮ್ಮನೆಯವ್ರು. ಪೂಜೆ ವಿಷ್ಯದಲ್ಲಿ ನನಗಿಂತ ಸೋಂಬೇರಿ. ಆದ್ರೆ ಅಡಿಕೆ ಕೊಳೆರೋಗಕ್ಕೆ ಹೊಡಿಯೋ ಬೋರ್ಡೋ ದ್ರಾವಣ ಮಾಡೋದು ನೋಡಿ, ಒಂದು ಕೆಜಿ ಮೈಲುತುತ್ತ ಅಂದ್ರೆ ಕಾಪರ್ ಸಲ್ಫೇಟ್, ಒಂದು ಕೆಜಿ ಸುಣ್ಣ, ನೂರು ಲೀಟರ್ ನೀರು, ಎರಡನ್ನೂ ಬೇರೆ ಬೇರೆ ಕರಗಿಸಿ ಆಮೇಲೆ ಸೇರ್ಸೋದು, ಸೇರಿಸ್ವಾಗ ಆ ನೀಲಿ ಬಣ್ಣ ನೋಡಿ ಎಷ್ಟು ಚಂದ. ಆಮೇಲೆ ತೊಳೆದ ಕತ್ತಿ ಅದ್ದಿ ಒಂದು ನಿಮಿಷ ಬಿಟ್ಟು ತೆಗೀತಾರೆ, ಕತ್ತಿ ಮೇಲೆ ಕೆಂಪು ಹಿಡಿದ್ರೆ ತಾಮ್ರ ಇನ್ನೂ ಉಳ್ಕೊಂಡಿದೆ ಅಂತ ಅರ್ಥ, ಇನ್ನೊಂಚೂರು ಸುಣ್ಣ ಬೇಕು, ಇಲ್ಲಾಂದ್ರೆ ಹಿಂಗಾರ, ಅಂದ್ರೆ ಅಡಿಕೆ ಹೂವು, ಸುಡುತ್ತೆ. ಕತ್ತಿ ಎತ್ತಿ ಬೆಳಕಿಗೆ ಹಿಡ್ಕೊಂಡು ನೋಡೋ ಆ ಮುಖ ಇದೆಯಲ್ಲ, ಆ ಮುಖ ನಾನು ದೇವಸ್ಥಾನದಲ್ಲಿ ಅವ್ರದ್ದು ಯಾವತ್ತೂ ನೋಡಿಲ್ಲ. ಕರೆದ್ರೆ ಕೇಳ್ಸಲ್ಲ. ಅಲ್ಲಿ ಅವ್ರಿಗೆ ಎಂತ ಕಾಣುತ್ತೆ ಅಂತ ಕೇಳ್ದೆ, "ಕತ್ತಿ ಕಾಣುತ್ತೆ" ಅಂದ್ರು.

ಆಮೇಲೆ ಪಾತ್ರೆ ಕಥೆ. ಶಿವಮೊಗ್ಗದಲ್ಲಿ ನನ್ ಜೊತೆ ಓದಿದ ಫ್ರೆಂಡ್ ಒಬ್ಳಿದಾಳೆ, ಕ್ರಿಶ್ಚಿಯನ್, ಅವಳು ಬ್ರದರ್ ಲಾರೆನ್ಸ್ ಅಂತ ಒಬ್ರ ಬಗ್ಗೆ ಹೇಳಿದ್ಲು. 17ನೇ ಶತಮಾನ, ಪ್ಯಾರಿಸ್‌ನ ಒಂದು ಮಠದಲ್ಲಿ ಅಡುಗೆಮನೆ ಕೆಲ್ಸ, 1691ರಲ್ಲಿ ತೀರ್ಕೊಂಡ್ರು. ಅಡುಗೆಮನೆ ಗಲಾಟೇಲಿ ಹತ್ತು ಜನ ಹತ್ತು ಸಾಮಾನು ಕೇಳ್ತಿರ್ವಾಗ್ಲೂ, ಮಂಡಿಯೂರಿ ಪ್ರಾರ್ಥನೆ ಮಾಡ್ದಾಗ ಇರುವಷ್ಟೇ ನೆಮ್ಮದೀಲಿ ದೇವ್ರ ಜೊತೆ ಇರ್ತೀನಿ ಅಂದಿದ್ರಂತೆ. ನಂಗೆ ಹಿಡಿಸಿದ್ದು ಅದಲ್ಲ ನಿಜ ಹೇಳ್ಬೇಕಂದ್ರೆ, ಆ ಮನುಷ್ಯನಿಗೆ ಅಡುಗೆಮನೆ ಅಂದ್ರೆ ಆಗ್ತಾನೇ ಇರ್ಲಿಲ್ವಂತೆ! ಅದು ಕೇಳಿ ಧೈರ್ಯ ಬಂತು. ಸರಿ ನಾನೂ ನೋಡಣ ಅಂತ ಒಂದು ವಾರ ಒಂದೊಂದು ಪಾತ್ರೆಗೂ ಒಂದೊಂದು 'ನಮಃ ಶಿವಾಯ' ಹೇಳ್ಕೊಂಡು ತೊಳ್ದೆ. ಮೂರನೇ ದಿನಕ್ಕೆ ಬಾಯಿ ಹೇಳ್ತಿತ್ತು ಮನಸ್ಸು ಸೀರಿಯಲ್ ನೋಡ್ತಿತ್ತು, ಐದನೇ ದಿನ ಪಾತ್ರೆ ಎಣಿಸೋದೇ ಕೆಲ್ಸ ಆಯ್ತು, ನಲವತ್ತೇಳು. ದೇವ್ರು ಬರ್ಲಿಲ್ಲ, ಪಾತ್ರೆ ಕ್ಲೀನ್ ಆದ್ವು. ಅವಳಿಗೆ ಫೋನ್ ಮಾಡಿ ಹೇಳಿದ್ರೆ ನಕ್ಕೂ ನಕ್ಕೂ, ಅವ್ರಿಗೇ ವರ್ಷಗಟ್ಟಲೆ ಹಿಡೀತು ನಿಂಗೆ ವಾರಕ್ಕೆ ಬೇಕಾ ಅಂದ್ಲು.

ಇದು ಸಂಜೆ, ಸುಲಿಯೋರು ಬಂದಿದಾರೆ, ಸಾಲಾಗಿ ಅಡಿಕೆ ಸುಲಿಯೋ ಮೆಟ್ಟುಗತ್ತಿ. ಮುಖ ಯಾರ್ದೂ ತೋರ್ಸಿಲ್ಲ, ಕೈ ಮಾತ್ರ. ಈ ಕೊನೇಲಿ ಕಾಣೋ ಕೈ ಪಕ್ಕದ ಮನೆ ಅಕ್ಕಂದು, ದೀವರು ಜನಾಂಗದವ್ರು, ಭೂಮಿ ಹುಣ್ಣಿಮೆಗೆ ಬುಟ್ಟಿ ಮೇಲೆ ಚಿತ್ತಾರ ಬರಿಯೋದೂ ಇದೇ ಕೈ. ಸೀಗೆ ಹುಣ್ಣಿಮೆ ಅಂದ್ರೂ ಅದೇ, ಆ ಹೊತ್ತಿಗೆ ಗದ್ದೇಲಿ ಭತ್ತ ಹೊಡೆ ಆಗಿರುತ್ತೆ, ತೆನೆ ಇನ್ನೂ ಹೊಟ್ಟೆ ಒಳಗೇ ಇರುತ್ತೆ, ಭೂಮಿ ಬಸುರಿ ಅಂತ ಲೆಕ್ಕ, ರಾತ್ರಿಯೆಲ್ಲ ನಿದ್ದೆಗೆಟ್ಟು ಅಡುಗೆ ಮಾಡಿ ಬೆಳಗಿನ ಜಾವ ಗದ್ದೆಗೆ ಹೋಗಿ ಭೂಮಿತಾಯಿ ಉಂಡು ಹೋಗ್ಲಿ ಅಂತ ಕೂಗ್ತಾ ಎರಚ್ತಾರೆ. ದೇವ್ರು ಎಲ್ಲಿದಾನೆ ಅಂತ ನಾನು ಇಷ್ಟೊತ್ತು ತಲೆ ಕೆಡಿಸ್ಕೊಂಡಿದ್ದೆ ನೋಡಿ, ಅಕ್ಕಂಗೆ ಆ ಪ್ರಶ್ನೆನೇ ಇಲ್ಲ, ಗದ್ದೇಲಿದಾಳೆ, ಬಸುರಿ ಬೇರೆ, ಊಟ ಕೊಡ್ಬೇಕು.

ಈಗ ಸ್ಕ್ರೀನ್ ಕಪ್ಪಾಗಿದೆ ಅಲ್ವಾ. ಫೋನ್ ಹಾಳಾಗಿಲ್ಲ, ನಾನೇ ಕಪ್ಪು ಹಾಕಿದೀನಿ. ಈ ಕ್ಲಿಪ್ ನನ್ ಹತ್ರ ಇಲ್ಲ.

ಮೊನ್ನೆ ರಾತ್ರಿ ಎರಡೂವರೆಗೆ ಮಳೆ ಬಂತು. ಮಲಗುವಾಗ ನಕ್ಷತ್ರ ಇತ್ತು, ಅದಕ್ಕೇ ಅಂಗಳದಲ್ಲಿ ಹರಡಿದ ಅಡಿಕೆ ಹಂಗೇ ಬಿಟ್ಟಿದ್ವಿ, ನಾಲ್ಕು ದಿನ ಒಣಗಿತ್ತು ಅದು. ಹೆಂಚಿನ ಮೇಲೆ ಮೊದಲನೇ ಹನಿ ಸೌಂಡಿಗೇ ಇವ್ರು ಎದ್ದು ಓಡಿದ್ರು, ಹಿಂದೆ ನಾನು, ಚಪ್ಪಲಿನೂ ಇಲ್ಲ, ಟಾರ್ಪಲ್ ಎಳಿಯೋಕೆ ಹೋದ್ರೆ ಗಾಳಿಗೆ ಅದು ನಮ್ಮನ್ನೇ ಎಳೀತಿದೆ, ಕಾಲ ಕೆಳಗೆ ಅಡಿಕೆ ಜಾರುತ್ತೆ, ಅಷ್ಟರಲ್ಲಿ ಆ ಕಡೆ ಮೂಲೆ ಯಾರೋ ಹಿಡ್ದಂಗಾಯ್ತು, ನೋಡಿದ್ರೆ ಪಕ್ಕದ ಮನೆ ಅಕ್ಕ, ಅವ್ರ ಮಗ ಟಾರ್ಚ್ ಹಿಡ್ಕೊಂಡು, ನಾವು ಕರೆದೇ ಇರ್ಲಿಲ್ಲ. ಕಲ್ಲು ಹೇರಿ, ಅಂಚು ಮಡ್ಚಿ, ನೀರು ಹೋಗೋಕೆ ಗುದ್ಲೀಲಿ ದಾರಿ ಮಾಡಿ, ಎಲ್ಲ ಸೇರಿ ಹತ್ತು ನಿಮಿಷ ಇರ್ಬೋದು. ಆ ಹತ್ತು ನಿಮಿಷ ನಾನು ದೇವ್ರನ್ನ ನೆನೆಸ್ಲಿಲ್ಲ, ಕಾಪಾಡಪ್ಪಾ ಅಂತಾನೂ ಅನ್ಲಿಲ್ಲ, ನಾನು ಅನ್ನೋಳು ಒಬ್ಳಿದೀನಿ ಅನ್ನೋದೇ ನೆನಪಿರ್ಲಿಲ್ಲ.

ಆಮೇಲೆ ಜಗಲಿ ಮೇಲೆ ನಾಲ್ಕು ಜನ ಒದ್ದೆ ಆಗಿ ನಿಂತ್ಕೊಂಡು ಏದುಸಿರು ಬಿಡ್ತಿದ್ವಿ, ಯಾರೂ ಮಾತಾಡ್ಲಿಲ್ಲ. ಆಗ ನಂಗೆ, ಹೆಂಗೆ ಹೇಳೋದು, ಐದನೆಯವ್ರೊಬ್ರು ಅಲ್ಲೇ ನಿಂತಿದಾರೆ ಅನ್ನಿಸ್ತು. ಭಯ ಆಗ್ಲಿಲ್ಲ. ತಿರುಗಿ ನೋಡ್ಬೇಕು ಅಂತಾನೂ ಅನ್ನಿಸ್ಲಿಲ್ಲ, ಮನೆಯವ್ರು ಪಕ್ಕದಲ್ಲಿ ನಿಂತಿದ್ರೆ ತಿರುಗಿ ನೋಡ್ತೀವಾ ಹಂಗೆ. ಒಳಗಿಂದ ಅತ್ತೆ "ಎಲ್ಲ ಮುಚ್ಚಿದ್ರಾ?" ಅಂದ್ರು, ಹ್ಞೂಂ ಅತ್ತೆ ಅಂದೆ, ಅಷ್ಟಕ್ಕೆ ಎಲ್ಲ ಮಾಮೂಲಿ ಆಯ್ತು, ಅಕ್ಕಂಗೆ ಬಿಸಿ ಕಾಫಿ ಮಾಡಕ್ಕೆ ಹೋದೆ.

ಅಡಿಕೆ ಉಳೀತಾ ಅಂದ್ರೆ, ಅರ್ಧ ಉಳೀತು. ಒಂದು ಕಡೆ ನೀರು ನುಗ್ಗಿತ್ತು, ಈಗ ಬೂಷ್ಟು ಬರ್ದಂಗೆ ದಿನಾ ಮಗುಚ್ತಾ ಇದೀವಿ, ಬಣ್ಣ ಹೋಗಿದ್ದು ಹೋಯ್ತು, ಮಂಡೀಲಿ ರೇಟ್ ಕಡಿಮೆನೇ ಹಾಕ್ತಾರೆ.

ಮಾರನೇ ದಿನ ಒಂದು ಮರ್ಯಾದೆಗೆಟ್ಟ ಕೆಲ್ಸ ಮಾಡ್ದೆ, ಅದನ್ನೂ ಹೇಳ್ಬಿಡ್ತೀನಿ. ಟ್ರೈಪಾಡ್ ಇಟ್ಟು, ಟಾರ್ಪಲ್ ಎಳಿಯೋದು ಇನ್ನೊಂದ್ಸಲ ಮಾಡಿ ಶೂಟ್ ಮಾಡ್ದೆ, ಇವ್ರನ್ನೂ ಬಲವಂತ ಮಾಡಿ ನಿಲ್ಸಿದ್ದೆ, ಅವ್ರು ಕ್ಯಾಮೆರಾ ನೋಡಿ ಹಲ್ಲು ಬಿಡ್ತಿದಾರೆ, ನಾನು ಸೆರಗು ಸರಿ ಮಾಡ್ಕೊಳ್ತಿದೀನಿ, ಬಿಸಿಲು ಬೇರೆ. ರಾತ್ರಿ ಎಡಿಟ್‌ಗೆ ಕೂತು ನೋಡಿದ್ರೆ ಜಗಲಿ ಮೇಲೆ ಇಬ್ರೇ ಇದೀವಿ. ಡಿಲೀಟ್ ಮಾಡ್ದೆ.

ಅದಕ್ಕೇ ಈ ಕಪ್ಪು. ನಾಳೆ ಮತ್ತೆ ಐದಕ್ಕೆ ಏಳ್ಬೇಕು, ಅತ್ತೆ ಕೈ ಹಿಡ್ಕೊಳ್ವಾಗ ಮತ್ತೆ ಇಡ್ಲಿ ಬೆಂತಾ ಅಂತಾನೇ ಯೋಚ್ನೆ ಬರುತ್ತೆ, ಗ್ಯಾರಂಟಿ.

ಒಂದ್ನಿಮಿಷ ಇರಿ, ಅತ್ತೆ ಕರೀತಿದಾರೆ.

ಹ್ಞಾಂ, ಎಂತದೂ ಇಲ್ಲ, ಬಚ್ಚಲು ಒಲೆಗೆ ಕುಂಟೆ ತಳ್ಳಿದ್ಯಾ ಅಂತ ಕೇಳಿದ್ರು. ಮಾತಾಡ್ತಾ ಮರ್ತೇಬಿಟ್ಟಿದ್ದೆ. ಹೋಗಿ ಬೂದಿ ಮುಚ್ಚಿ ಬರ್ತೀನಿ, ಇವತ್ತಿಗೆ ಇಷ್ಟು ಸಾಕು.