ಗಡ್ಡ ಬಿಡಿ ಎಂದು ಬರೆದ ಹುಡುಗಿ

ಕೇಳುಗರೆ, ನಮಸ್ಕಾರ.

1860ರ ಅಕ್ಟೋಬರ್. ಅಮೆರಿಕದಲ್ಲಿ ಅಧ್ಯಕ್ಷ ಚುನಾವಣೆಯ ಕಾವು. ನ್ಯೂಯಾರ್ಕ್ ರಾಜ್ಯದ ವೆಸ್ಟ್‌ಫೀಲ್ಡ್ ಊರಿನ ಹನ್ನೊಂದು ವರ್ಷದ ಗ್ರೇಸ್ ಬೆಡೆಲ್, ಅಭ್ಯರ್ಥಿ ಅಬ್ರಹಾಂ ಲಿಂಕನ್ ಅವರಿಗೆ ಕಾಗದ ಬರೆದಳು. ನಿಮ್ಮ ಮುಖ ತೀರಾ ಸಣಕಲು, ಗಡ್ಡ ಬಿಡಿ. ಗಡ್ಡವೆಂದರೆ ಹೆಂಗಸರಿಗೆ ಇಷ್ಟ, ನಿಮಗೇ ಮತ ಹಾಕುವಂತೆ ಗಂಡಂದಿರನ್ನು ಕಾಡುತ್ತಾರೆ ಎಂಬುದು ಅವಳ ಸಲಹೆ. ಲಿಂಕನ್ ಉತ್ತರ ಬರೆದರು. ಮರುವರ್ಷ ಫೆಬ್ರುವರಿಯಲ್ಲಿ, ಅಧಿಕಾರ ವಹಿಸಿಕೊಳ್ಳಲು ಹೊರಟ ಅವರ ರೈಲು ವೆಸ್ಟ್‌ಫೀಲ್ಡ್‌ನಲ್ಲಿ ನಿಂತಾಗ ಆ ಹುಡುಗಿಯನ್ನು ಕರೆಸಿ ಮಾತನಾಡಿಸಿದರು. ಆಗ ಅವರಿಗೆ ಗಡ್ಡ ಬಂದಿತ್ತು.

ಮಕ್ಕಳಿಗೆ ಹತ್ತೊಂಬತ್ತನೆಯ ಶತಮಾನದ ಅಮೆರಿಕವನ್ನು ಪರಿಚಯಿಸುವ ತಂದೆತಾಯಂದಿರು ಇಸವಿಗಳ ಪಟ್ಟಿಯನ್ನು ಬದಿಗಿಟ್ಟು ಈ ಕಾಗದವನ್ನು ಓದಿಸಬೇಕು. ಮಗು ನಕ್ಕೇ ನಗುತ್ತದೆ. ನಕ್ಕ ಮೇಲೆ ಕೇಳಿ: ಹೆಂಗಸರು ಗಂಡಂದಿರನ್ನೇಕೆ ಕಾಡಬೇಕು, ತಾವೇ ಮತ ಹಾಕಬಾರದೆ? ಹಾಕುವಂತಿರಲಿಲ್ಲ. ಮತದಾನಕ್ಕೆ ಹೆಣ್ಣೆಂಬುದು ಅಡ್ಡಿಯಾಗಬಾರದೆಂಬ ಸಂವಿಧಾನ ತಿದ್ದುಪಡಿ ಬಂದದ್ದು 1920ರಲ್ಲಿ. ಮತವಿಲ್ಲದ ಒಬ್ಬ ಹೆಂಗಸಾಗಿ ಲಿಂಕನ್‌ಗೆ ಇನ್ನೊಂದು ಕಾಗದವನ್ನು ಮಗುವೇ ಬರೆಯಲಿ. ಕನ್ನಡದಲ್ಲೇ ಬರೆಯಲಿ.

ಗುಲಾಮಗಿರಿಯ ವಿಷಯ ಬಂದಾಗ ಅನೇಕರು ಪುಟ ಮಗುಚುತ್ತಾರೆ. ದಯವಿಟ್ಟು ಮಗುಚಬೇಡಿ. ಬಾಲ್ಟಿಮೋರಿನ ಗುಲಾಮ ಹುಡುಗ ಫ್ರೆಡರಿಕ್ ಡಗ್ಲಸ್‌ನನ್ನು ಮಕ್ಕಳು ತಕ್ಷಣ ಹಚ್ಚಿಕೊಳ್ಳುತ್ತಾರೆ. ಯಜಮಾನಿ ಅಕ್ಷರ ಕಲಿಸತೊಡಗಿದಳು, ಯಜಮಾನ ತಡೆದ. ಹುಡುಗ ಜೇಬಿನಲ್ಲಿ ಬ್ರೆಡ್ ಇಟ್ಟುಕೊಂಡು ಬೀದಿಗೆ ಹೋಗಿ, ಹಸಿದ ಬಡ ಬಿಳಿಯ ಹುಡುಗರಿಗೆ ಅದನ್ನು ಕೊಟ್ಟು ಓದು ಕಲಿತ. ಹಡಗುಕಟ್ಟೆಯಲ್ಲಿ ಬಡಗಿಗಳು ಮರದ ತುಂಡುಗಳ ಮೇಲೆ ಗುರುತಿಗೆ ಬರೆದ ಅಕ್ಷರಗಳನ್ನು ನೋಡಿ ಬರೆಯಲು ಕಲಿತ. ಬೇಲಿ, ಇಟ್ಟಿಗೆ ಗೋಡೆ, ಕಲ್ಲುಹಾಸು ಇವೇ ಹಾಳೆ. ಸೀಮೆಸುಣ್ಣದ ತುಂಡೇ ಲೇಖನಿ. 1838ರಲ್ಲಿ ತಪ್ಪಿಸಿಕೊಂಡು ಹೋದ ಡಗ್ಲಸ್, 1845ರಲ್ಲಿ ತಮ್ಮ ಆತ್ಮಕಥೆ ಪ್ರಕಟಿಸಿದರು. ಅದರಲ್ಲಿ ಆ ಬಿಳಿಯ ಹುಡುಗರ ಹೆಸರು ಬರೆಯಲಿಲ್ಲ. ಗುಲಾಮನಿಗೆ ಓದು ಕಲಿಸುವುದೇ ಅಪರಾಧವೆನಿಸಿದ್ದ ಕಾಲ. ಹೆಸರು ಹೊರಬಿದ್ದರೆ ಅವರಿಗೆ ಮುಜುಗರವಾದೀತೆಂದು ಹಿಂಜರಿದರು.

ಇಲ್ಲಿ ಮಗುವಿಗೆ ಬರೆಯಲು ಎಷ್ಟೊಂದು ಜಾಗವಿದೆ! ಆ ಹುಡುಗರಲ್ಲಿ ಒಬ್ಬನಿಗೆ ಮಗುವೇ ಹೆಸರಿಟ್ಟು, ಅವನ ದಿನಚರಿಯ ಒಂದು ಪುಟ ಬರೆಯಲಿ. ಬ್ರೆಡ್ ತಿಂದದ್ದನ್ನು ಅವನು ಮನೆಯಲ್ಲಿ ಹೇಳಿದನೇ, ಮುಚ್ಚಿಟ್ಟನೇ?

ಬರೆದದ್ದನ್ನು ತೋರಿಸಿದಾಗ ಕಾಗುಣಿತ ತಿದ್ದಲು ಅವಸರ ಮಾಡಬೇಡಿ. ಇದು ನಿನಗೆ ಹೇಗೆ ಗೊತ್ತಾಯಿತು ಎಂದು ಕೇಳಿ. ಓದಿ ತಿಳಿದ ಸಂಗತಿ ಹಾಗೆಯೇ ಇರಲಿ, ತಾನು ಊಹಿಸಿದ್ದರ ಕೆಳಗೆ ಪೆನ್ಸಿಲಿನಲ್ಲಿ ಗೆರೆ ಎಳೆಯಲಿ. ಮುಂದೆ ಏನು ಓದಬೇಕೆಂಬುದು ಆ ಗೆರೆಗಳಿಂದಲೇ ತಿಳಿಯುತ್ತದೆ.

ನಮಸ್ಕಾರ.